ಇಷ್ಟ ಮತ್ತು ಸಾಧನೆ: ಹಾಸನ ಸೀಮೆಯ ತರಗತಿಗಳಿಗೆ ಬಹುಮಾಧ್ಯಮ ಕಲಿಕೆಯ ಒಂದು ಪ್ರಶ್ನೆ

ಪರಸ್ಪರ ಸ್ಪಂದಿಸುವ ಬಹುಮಾಧ್ಯಮ ಪಾಠಗಳನ್ನು ಮಕ್ಕಳು ಮೆಚ್ಚುತ್ತಾರೆ ಎಂಬುದರಲ್ಲಿ ಹೆಚ್ಚಿನ ತಕರಾರಿಲ್ಲ. ಪದ, ಚಿತ್ರಗಳು ಹೊಂದಿಕೊಂಡಾಗ ಗ್ರಹಿಕೆ ಸುಧಾರಿಸುತ್ತದೆಂಬ ಶೈಕ್ಷಣಿಕ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ನಿಲುವೂ ಬಹುಮಟ್ಟಿಗೆ ಒಪ್ಪಿತವೇ. ವಿವಾದವಿರುವುದು ಮೆಚ್ಚುಗೆಯನ್ನು ಸಾಧನೆಯ ಮುನ್ಸೂಚನೆಯೆಂದು ಓದುವುದರಲ್ಲಿ.

ಮಾಧ್ಯಮವು ದಿನಸಿ ತರುವ ಲಾರಿಯಷ್ಟೇ, ಪೋಷಣೆ ಬರುವುದು ದಿನಸಿಯಿಂದ ಎಂದು ರಿಚರ್ಡ್ ಕ್ಲಾರ್ಕ್ 1983ರಲ್ಲಿ ವಾದಿಸಿದರು. ಹೋಲಿಕೆಯ ಅಧ್ಯಯನಗಳಲ್ಲಿ ಮಾಧ್ಯಮದ ಜೊತೆಗೇ ಬೋಧನಾ ವಿಧಾನವೂ ಬದಲಾಗಿರುತ್ತದೆಂಬ ಅವರ ಆಕ್ಷೇಪ ಇಂದಿಗೂ ಗಟ್ಟಿಯಾಗಿದೆ. ಆದರೆ ಮಾಧ್ಯಮದ ಬಗ್ಗೆ ಕಲಿಯುವವನ ನಂಬಿಕೆಯನ್ನು ಈ ವಾದ ಲೆಕ್ಕಕ್ಕೆ ತಂದುಕೊಳ್ಳುವುದಿಲ್ಲ. ಮರುವರ್ಷವೇ ಗವ್ರಿಯೆಲ್ ಸಾಲೊಮನ್ ಅಮೆರಿಕದ ಆರನೇ ತರಗತಿಯ ಮಕ್ಕಳಲ್ಲಿ ಕಂಡದ್ದು ಇಲ್ಲಿ ನಿರ್ಣಾಯಕ. ಟಿವಿ ಸುಲಭ, ಪುಸ್ತಕ ಕಷ್ಟ ಎಂದುಕೊಂಡಿದ್ದ ಆ ಮಕ್ಕಳು ಟಿವಿ ನೋಡುವಾಗ ಕಡಿಮೆ ಶ್ರಮಪಟ್ಟರು. ಓದಿ ಕಲಿತವರಷ್ಟು ಚೆನ್ನಾಗಿ ತರ್ಕಿಸಿ ಉತ್ತರಿಸಲಿಲ್ಲ. ಹಾಗಾದರೆ ಮನೋಭಾವ ಅನುಕೂಲಕರವಾಗಿದ್ದಷ್ಟೂ ಕಲಿಕೆ ತೆಳುವಾಗುವ ಸಂದರ್ಭಗಳೂ ಇರಬಹುದು ಎಂಬುದು ನನ್ನ ವಾದ. ಇದನ್ನು ನಿಯಮವೆಂದು ಹೇಳುತ್ತಿಲ್ಲ. ಸಾಲೊಮನ್ನರ ಟಿವಿ ಉತ್ತರ ಕೇಳುತ್ತಿರಲಿಲ್ಲ. ಆದರೆ ಉತ್ತರ ತಪ್ಪಿದರೆ ಮುಂದಕ್ಕೆ ಬಿಡದ ಬಹುಮಾಧ್ಯಮ ಪಾಠ ಶ್ರಮವನ್ನು ಬೇಡಿಯೇ ಬೇಡುತ್ತದೆ.

ಭಾರತದ ಸಾಕ್ಷ್ಯವೂ ಎಚ್ಚರಿಕೆಯನ್ನೇ ಹೇಳುತ್ತದೆ. ವಡೋದರಾದ ಶಾಲೆಗಳಲ್ಲಿ ಗಣಿತದ ಕಂಪ್ಯೂಟರ್ ಆಟಗಳು ಅಂಕವನ್ನು 0.47 ಮಾನಕ ವಿಚಲನೆಯಷ್ಟು ಏರಿಸಿದವು. ವರ್ಷ ಕಳೆದ ಮೇಲೆ ಉಳಿದದ್ದು ಸುಮಾರು 0.10. ಗುಜರಾತಿನಲ್ಲೇ ಲೀ ಲಿಂಡೆನ್ ನಡೆಸಿದ 2008ರ ಅಧ್ಯಯನದಲ್ಲಿ, ಶಾಲೆಯ ಅವಧಿಯನ್ನೇ ತೆಗೆದುಕೊಂಡ ಕಂಪ್ಯೂಟರ್ ಪಾಠ ಕಲಿಕೆಯನ್ನು ಕುಗ್ಗಿಸಿತು, ಶಾಲೆ ಬಿಟ್ಟ ಮೇಲೆ ನಡೆದದ್ದು ನೆರವಾಯಿತು. ಪಾಠ ಯಾವ ಹೊತ್ತನ್ನು ನುಂಗಿತು ಎಂಬುದನ್ನು ಮೆಚ್ಚುಗೆಯ ಪ್ರಶ್ನಾವಳಿ ಕೇಳುವುದೇ ಇಲ್ಲ.

ಇನ್ನು ಹಾಸನದ ಮಾತಿಗೆ ಬಂದರೆ, ಶಿಕ್ಷಣಕ್ಕೆಂದೇ 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಉಪಗ್ರಹದ ನಿಯಂತ್ರಣ ಹಾಸನದ ಇಸ್ರೊ ಕೇಂದ್ರದಲ್ಲಿತ್ತು. ಅದರ ಪ್ರಾಥಮಿಕ ಶಾಲಾ ಪ್ರಯೋಗ ಮಾತ್ರ ನಡೆದದ್ದು ಚಾಮರಾಜನಗರ ಜಿಲ್ಲೆಯಲ್ಲಿ. ಹಾಸನ ಜಿಲ್ಲೆ 2019ರಲ್ಲಿ ಶೇ. 89.33 ಫಲಿತಾಂಶದೊಂದಿಗೆ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೆ ಮೊದಲಾಯಿತು. ಅಂಥ ಒಟ್ಟು ಅಂಕಿಯಿಂದ ಸ್ಮಾರ್ಟ್ ಕ್ಲಾಸಿನ ಪಾಲನ್ನು ಬೇರ್ಪಡಿಸಲಾಗದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಒಂದೇ ಪಾಠವನ್ನು, ಒಂದೇ ವಿಧಾನದಲ್ಲಿ ಕರಿಹಲಗೆಯ ಮೇಲೂ ಪರದೆಯ ಮೇಲೂ ನಡೆಸಿ, ಮಗು ಪಟ್ಟ ಶ್ರಮವನ್ನೂ ತಿಂಗಳುಗಳ ನಂತರ ಉಳಿದ ಕಲಿಕೆಯನ್ನೂ ಅಳೆಯಬೇಕು. ಪರದೆಯೂ ಕಷ್ಟದ ಕೆಲಸವೇ ಎಂದು ಮೊದಲೇ ತಿಳಿದ ಮಕ್ಕಳಲ್ಲಿ ಸಾಲೊಮನ್ ಕಂಡ ಅಂತರ ಅಳಿಸಿಹೋಗುತ್ತದೆಯೇ ಎಂಬ ಪ್ರಶ್ನೆಗೆ ಮೇಲಿನ ಅಧ್ಯಯನಗಳಲ್ಲಿ ಉತ್ತರವಿಲ್ಲ.