ಅಂಗಳಕ್ಕೆ ಬಂದ ಮಾಂಟೆಸ್ಸೊರಿ

1914ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ ಒಂದು ಪುಟ್ಟ ಪುಸ್ತಕ ಪ್ರಕಟಿಸಿದರು. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿ ರೂಪಿಸಿದ ಶಿಶು ಶಿಕ್ಷಣ ಪದ್ಧತಿಯ ವಿಮರ್ಶೆ ಅದು. ಈಕೆಯ ಸಿದ್ಧಾಂತ ಶಿಕ್ಷಣ ವಿಚಾರದಲ್ಲಿ ಸುಮಾರು ಐವತ್ತು ವರ್ಷ ಹಿಂದಿನದು ಎಂಬುದು ಅವರ ತೀರ್ಪು. ಕೆಲವೇ ವರ್ಷಗಳ ಹಿಂದೆ ಅಮೆರಿಕದ ಪತ್ರಿಕೆಗಳು ಮಾಂಟೆಸ್ಸೊರಿಯನ್ನು ಪವಾಡ ಮಾಡಿದ ಮಹಿಳೆ ಎಂಬಂತೆ ಕೊಂಡಾಡಿದ್ದವು. ಪ್ರಾಧ್ಯಾಪಕರ ಮಾತು ಹೊರಬಿದ್ದ ಮೇಲೆ ಆ ಉತ್ಸಾಹ ಬೇಗನೆ ಇಳಿಯಿತು. ಆ ದೇಶದಲ್ಲಿ ಮಾಂಟೆಸ್ಸೊರಿ ಶಾಲೆಗಳು ಮತ್ತೆ ತಲೆ ಎತ್ತಿದ್ದು 1950ರ ದಶಕದ ಕೊನೆಯಲ್ಲಿ.

ಇದೇ ಹೊತ್ತಿಗೆ ಗುಜರಾತಿನ ಸೌರಾಷ್ಟ್ರದ ವಢವಾಣದಲ್ಲಿ ಒಬ್ಬ ವಕೀಲರು ಬೇರೊಂದು ಚಿಂತೆಯಲ್ಲಿದ್ದರು. ಹೆಸರು ಗಿಜುಭಾಯಿ ಬಧೇಕಾ. 1913ರಲ್ಲಿ ಅವರಿಗೆ ಗಂಡು ಮಗುವಾಗಿತ್ತು. ತಾವು ಕಲಿತ ಬೆತ್ತದ ಶಾಲೆಗೆ ಈ ಮಗುವನ್ನೂ ಕಳಿಸಬೇಕೇ ಎಂಬುದು ಅವರ ಪ್ರಶ್ನೆ. ಶಿಕ್ಷಣದಲ್ಲಿ ಆಸಕ್ತರಾಗಿದ್ದ ಮೋತಿಭಾಯಿ ಅಮೀನ್ ಅವರಿಂದ ಮಾಂಟೆಸ್ಸೊರಿ ಪದ್ಧತಿಯ ಕುರಿತ ಪುಸ್ತಕ ಕೈಗೆ ಬಂತು. 1916ರಲ್ಲಿ ಗಿಜುಭಾಯಿ ವಕೀಲಿ ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು. ನಾಲ್ಕು ವರ್ಷಗಳ ಬಳಿಕ, 1920ರಲ್ಲಿ, ಅಲ್ಲಿ ಬಾಲಮಂದಿರ ತೆರೆಯಿತು.

ಎಂದರೆ, ಹೊಸ ಸಂಶೋಧನೆಯನ್ನು ಬೆನ್ನಟ್ಟುವ ಜನ ಯಾವುದನ್ನು ಹಳೆಯ ಸರಕು ಎಂದು ಬದಿಗಿಟ್ಟಿದ್ದರೋ ಅದನ್ನೇ ಭಾವನಗರ ಎತ್ತಿಕೊಂಡಿತು. ಶಿಶು ಶಿಕ್ಷಣದಲ್ಲಿ ‘ಇತ್ತೀಚಿನದು’ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ಸುದ್ದಿ ತಲುಪಿದರೆ ಸಾಲದು, ತಲುಪಿದವರು ಅದನ್ನು ಏನು ಮಾಡಿದರು ಎಂಬುದೂ ಮುಖ್ಯ. ಗಿಜುಭಾಯಿಯವರ ಕಥೆ ಈ ಕಾರಣಕ್ಕೇ ಇಂದಿಗೂ ಓದತಕ್ಕದ್ದು.

ರೋಮ್‌ನಲ್ಲಿ ನಡೆದದ್ದು ಏನು? 1907ರ ಜನವರಿ 6ರಂದು ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಮಾಂಟೆಸ್ಸೊರಿ ‘ಮಕ್ಕಳ ಮನೆ’ ಆರಂಭಿಸಿದರು. ಕೂಲಿಗೆ ಹೋಗುವ ತಂದೆತಾಯಿಯರ ಮಕ್ಕಳು ಅಲ್ಲಿದ್ದರು. ಮಕ್ಕಳ ಅಳತೆಯ ಮೇಜು ಕುರ್ಚಿ, ಗುಳಿಗೆ ಸರಿಯಾಗಿ ಕೂರುವ ಮರದ ಕೊರಡುಗಳು, ಬೆರಳಾಡಿಸಿ ಕಲಿಯುವ ಉಪ್ಪುಕಾಗದದ ಅಕ್ಷರಗಳು. ಬಹುಮಾನವಿಲ್ಲ, ಶಿಕ್ಷೆಯೂ ಇಲ್ಲ. ಮಗು ತಾನೇ ಆರಿಸಿಕೊಂಡ ಕೆಲಸದಲ್ಲಿ ಮುಳುಗಿರುತ್ತದೆ, ಶಿಕ್ಷಕಿ ನೋಡುತ್ತಾ ಗುರುತು ಹಾಕಿಕೊಳ್ಳುತ್ತಾಳೆ.

ಗಿಜುಭಾಯಿ ಇದನ್ನು ಹಾಗೇ ತಂದು ನೆಡಲಿಲ್ಲ. ಅದ್ಭುತ ಕಥೆಗಳು ಪುಟ್ಟ ಮಕ್ಕಳಿಗೆ ಬೇಡ ಎಂಬುದು ಮಾಂಟೆಸ್ಸೊರಿಯ ನಿಲುವು. ನಿಜ ಮತ್ತು ಕಲ್ಪನೆ ಬೇರೆ ಎಂದು ತಿಳಿಯದ ವಯಸ್ಸಿನಲ್ಲಿ ಅವು ಗೊಂದಲ ತರುತ್ತವೆ ಎಂದು ಆಕೆ ಭಾವಿಸಿದ್ದರು. ಗಿಜುಭಾಯಿ ಇದಕ್ಕೆ ಒಪ್ಪಲಿಲ್ಲ. ಅಜ್ಜಿಕಥೆ ಕೇಳುತ್ತಾ ಬೆಳೆದ ಸೌರಾಷ್ಟ್ರದ ಮಕ್ಕಳ ಮುಂದೆ ಕಥೆಯನ್ನೇ ಮೊದಲು ಇಟ್ಟರು. ಕಥೆ ಹೇಳುವ ಕಲೆಯ ಬಗ್ಗೆಯೇ ‘ವಾರ್ತಾನು ಶಾಸ್ತ್ರ’ ಎಂಬ ಗ್ರಂಥ ಬರೆದರು. ಹಾಡು, ನಾಟಕ, ಹೊರಗೆ ಸುತ್ತಾಟ ಎಲ್ಲವೂ ಬಾಲಮಂದಿರಕ್ಕೆ ಬಂದವು. ಮಕ್ಕಳೂ ದೊಡ್ಡವರೂ ಅವರನ್ನು ‘ಮೀಸೆಯ ಅಮ್ಮ’ ಎಂದೇ ಕರೆದರು. ಒಂದು ತರಗತಿಯಲ್ಲಿ ಹೊಸ ಪ್ರಯೋಗಕ್ಕೆ ಕೈಹಾಕುವ ಮೇಷ್ಟರ ಕಥೆಯಾದ ಅವರ ‘ದಿವಾಸ್ವಪ್ನ’ ಕನ್ನಡಕ್ಕೂ ‘ಹಗಲುಗನಸು’ ಆಗಿ ಬಂದಿದೆ.

ಅವರು ಮಾಡಿದ ಇನ್ನೊಂದು ಕೆಲಸದ ಬಗ್ಗೆ ಮಾತು ಕಡಿಮೆ. ಅದು ಒಂದು ಮಾಸಪತ್ರಿಕೆ. 1920ರ ದಶಕದ ನಡುವಿನಲ್ಲಿ ‘ಶಿಕ್ಷಣ ಪತ್ರಿಕಾ’ ಗುಜರಾತಿಯಲ್ಲಿ ಹೊರಟಿತು. ಜೊತೆಗೆ 1926ರಲ್ಲಿ ನೂತನ ಬಾಲಶಿಕ್ಷಣ ಸಂಘ ಹುಟ್ಟಿತು. ಪತ್ರಿಕೆ ಶಿಕ್ಷಕರಿಗೆ ಮಾತ್ರವಲ್ಲ, ಹೆತ್ತವರಿಗೂ ಮೀಸಲಾಗಿತ್ತು. ಮಗುವಿಗೆ ಹೊಡೆಯಬಾರದು ಏಕೆ, ಅದು ತಾನೇ ಉಣ್ಣಲು ಬಿಡಬೇಕು ಏಕೆ ಎಂಬಂತಹ ಮಾತು ಮನೆಯವರಿಗೆ ಮನದಟ್ಟಾಗದಿದ್ದರೆ ಬಾಲಮಂದಿರದ ಮೂರು ತಾಸಿನ ಶ್ರಮ ಮನೆಯ ಹೊಸ್ತಿಲಲ್ಲೇ ಹೋಗಿಬಿಡುತ್ತದೆ. ಮುಂದೆ ಈ ಪತ್ರಿಕೆ ಮರಾಠಿ ಮತ್ತು ಹಿಂದಿಯಲ್ಲೂ ಬಂತು. ಇಂಗ್ಲಿಷ್ ಓದಲಾರದ ಶಿಕ್ಷಕರಿಗೆ ಹೊರಜಗತ್ತಿನ ಹೊಸ ವಿಚಾರ ಮುಟ್ಟಿದ ಹಾದಿ ಇದು.

ಮರಾಠಿ ಆವೃತ್ತಿಯ ಹೊಣೆ ಹೊತ್ತವರು ತಾರಾಬಾಯಿ ಮೋಡಕ್. 1892ರಲ್ಲಿ ಹುಟ್ಟಿದ ತಾರಾಬಾಯಿ ಪದವೀಧರೆ, ರಾಜಕೋಟೆಯ ಮಹಿಳಾ ಅಧ್ಯಾಪಕ ತರಬೇತಿ ಕಾಲೇಜಿನಲ್ಲಿ ಪ್ರಾಂಶುಪಾಲೆಯಾಗಿದ್ದವರು. ಆ ಹುದ್ದೆ ಬಿಟ್ಟು ಭಾವನಗರಕ್ಕೆ ಬಂದರು. 1936ರಲ್ಲಿ ಮುಂಬಯಿಗೆ ಹೋಗಿ ದಾದರ್‌ನಲ್ಲಿ ಶಿಶುವಿಹಾರ ತೆರೆದರು. ನಗರದ ಮಧ್ಯಮ ವರ್ಗದ ಮಕ್ಕಳ ನಡುವೆ ಅವರಿಗೆ ಹೆಸರು ಬಂತು. ಆದರೆ ಹಳ್ಳಿಯ ಬಡ ಮಗುವಿನ ಪ್ರಶ್ನೆ ಹಾಗೇ ಉಳಿದಿತ್ತು. ಗಾಂಧೀಜಿ 1931ರಲ್ಲಿ ಲಂಡನ್ನಿನಲ್ಲಿ ಮಾಂಟೆಸ್ಸೊರಿಯ ಎದುರಿಗೇ ಈ ಮಾತೆತ್ತಿದ್ದರು. ಈ ಶಿಕ್ಷಣ ಉಳ್ಳವರ ಮಕ್ಕಳಿಗಷ್ಟೇ ಅಲ್ಲದೆ ಕಡುಬಡವರ ಮಕ್ಕಳಿಗೂ ಸಿಗುವಂತಾಗಲಿ ಎಂಬುದು ಅವರ ಆಶಯ.

1945ರಲ್ಲಿ ತಾರಾಬಾಯಿ ಮುಂಬಯಿಯ ಉತ್ತರಕ್ಕೆ ಕಡಲ ದಂಡೆಯ ಬೋರ್ಡಿ ಎಂಬ ಹಳ್ಳಿಗೆ ನಡೆದರು. ಅವರ ಜೊತೆಯಾದವರು ಅನುತಾಯಿ ವಾಘ್. ಹದಿಮೂರನೆಯ ವಯಸ್ಸಿಗೆ ಮದುವೆಯಾಗಿ ಕೆಲವೇ ತಿಂಗಳಲ್ಲಿ ವಿಧವೆಯಾದ ಅನುತಾಯಿ ಹಠ ಹಿಡಿದು ಓದಿ ಶಿಕ್ಷಕಿಯಾಗಿದ್ದರು. ಇಬ್ಬರೂ ಸೇರಿ ಗ್ರಾಮ ಬಾಲಶಿಕ್ಷಾ ಕೇಂದ್ರ ಆರಂಭಿಸಿದರು.

ಹಳ್ಳಿಯಲ್ಲಿ ಪುಸ್ತಕದ ಪಾಠ ಕೈಕೊಟ್ಟಿತು. ಬಾಲವಾಡಿ ತೆರೆದರೆ ಮೇಲ್ಜಾತಿಯ ಮನೆಗಳ ಮಕ್ಕಳು ಬಂದವು. ದಲಿತ ಕೇರಿಯ ಮಕ್ಕಳು ಬರಲಿಲ್ಲ. ಸರಿ, ಮಗು ಬಾಲವಾಡಿಗೆ ಬಾರದಿದ್ದರೆ ಬಾಲವಾಡಿಯೇ ಮಗುವಿನ ಬಳಿಗೆ ಹೋಗಲಿ ಎಂದು ಅವರು ಕೇರಿಯ ಅಂಗಳದಲ್ಲೇ ಕುಳಿತರು. ಅಲ್ಲಿಯ ಜನರ ಬಿಡುವಿಗೆ ತಕ್ಕಂತೆ ವೇಳೆ ಗೊತ್ತುಮಾಡಿಕೊಂಡರು. ಹೀಗೆ ‘ಅಂಗಣ ಬಾಲವಾಡಿ’ ಹುಟ್ಟಿತು. ವಿದೇಶದ ಮಾದರಿಯ ದುಬಾರಿ ಉಪಕರಣಗಳ ಜಾಗಕ್ಕೆ ಬೀಜ, ಕಪ್ಪೆಚಿಪ್ಪು, ಬೆಣಚುಕಲ್ಲು, ಎಲೆ ಬಂದವು. ಎಣಿಸುವುದು, ವಿಂಗಡಿಸುವುದು, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವುದು ಇವುಗಳಿಂದಲೂ ಸಾಗಿತು. ಬೆಳಗಿನ ಮೊದಲ ಪಾಠವೆಂದರೆ ಮೈ ತೊಳೆಯುವುದು, ತಲೆ ಬಾಚುವುದು, ಉಗುರು ಕತ್ತರಿಸುವುದು.

1957ರಲ್ಲಿ ಕೇಂದ್ರ ಕೋಸಬಾಡದ ಗುಡ್ಡಕ್ಕೆ, ವಾರಲಿ ಆದಿವಾಸಿಗಳ ನಡುವೆ ಹೋಯಿತು. ಅಲ್ಲಿ ದೊಡ್ಡ ಮಕ್ಕಳು ದನ ಕಾಯಲು ಹೋಗುತ್ತಿದ್ದುದರಿಂದ ಹುಲ್ಲುಗಾವಲಿನಲ್ಲೇ ಪಾಠ ನಡೆಯಿತು. ಅದಕ್ಕೆ ‘ಕುರಣ ಶಾಲೆ’ ಎಂದು ಹೆಸರು. ಅಕ್ಕತಂಗಿಯರು ಎಳೆಯ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಶಾಲೆಗೆ ಬಾರದಂತಾಗಿದ್ದ ಕಾರಣ ಕೂಸಿನ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಸೇರಿಸಿದರು. ಸಂಶೋಧನೆ ಎಂದರೆ ವಿಶ್ವವಿದ್ಯಾಲಯದ ಪ್ರಯೋಗಾಲಯ ಎಂದುಕೊಂಡವರು ಈ ಮೂರು ಕೋಣೆಗಳನ್ನು ನೆನೆಯಬೇಕು.

ಈ ನಡುವೆ ಮಾಂಟೆಸ್ಸೊರಿಯವರೇ ಭಾರತಕ್ಕೆ ಬಂದಿದ್ದರು. ಗಿಜುಭಾಯಿ 1939ರ ಜೂನ್‌ನಲ್ಲಿ ತೀರಿಕೊಂಡರು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಆಕೆ ಮದರಾಸಿನ ಅಡಯಾರ್‌ಗೆ ಕಾಲಿಟ್ಟರು! ಮೊದಲ ತರಬೇತಿಗೇ ಮುನ್ನೂರಕ್ಕೂ ಹೆಚ್ಚು ಜನ ಸೇರಿದ್ದರು. 1940ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರ ಆಕೆಯ ಮಗ ಮಾರಿಯೊ ಅವರನ್ನು ಶತ್ರು ದೇಶದ ಪ್ರಜೆ ಎಂದು ಬಂಧಿಸಿತು. ಆಕೆಯ ಎಪ್ಪತ್ತನೆಯ ಹುಟ್ಟುಹಬ್ಬದ ಹೊತ್ತಿಗೆ ಬಿಟ್ಟುಕೊಟ್ಟಿತು. ತಾಯಿ ಮಗ ಕೊಡೈಕನಾಲ್‌ನಲ್ಲೂ ಕೆಲವು ವರ್ಷ ಕಳೆದರು. ಹುಟ್ಟಿನಿಂದ ಮೂರು ವರ್ಷದವರೆಗಿನ ಕೂಸುಗಳ ಬಗ್ಗೆ ಆಕೆಯ ವಿಚಾರ ಗಟ್ಟಿಯಾದದ್ದು ಭಾರತದಲ್ಲಿ. ಇಲ್ಲಿ ಕೊಟ್ಟ ಉಪನ್ಯಾಸಗಳಿಂದ ಆಕೆಯ ಪ್ರಸಿದ್ಧ ಕೃತಿ ‘ದಿ ಅಬ್ಸಾರ್ಬೆಂಟ್ ಮೈಂಡ್’ ರೂಪುಗೊಂಡು 1949ರಲ್ಲಿ ಅಡಯಾರ್‌ನಿಂದಲೇ ಹೊರಬಂತು. ವಿಚಾರ ಪಶ್ಚಿಮದಿಂದ ಇತ್ತ ಬರುವುದಷ್ಟೇ ಅಲ್ಲ, ಇತ್ತಲಿಂದ ಅತ್ತಲೂ ಹೋಗಿದೆ.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಕೇಂದ್ರಗಳಿಗೆ ಅಂಗನವಾಡಿ ಎಂದು ಹೆಸರಾಯಿತು. ಬೋರ್ಡಿಯ ಕೇರಿಯ ಅಂಗಳ ಹೀಗೆ ದೇಶದ ಪದಕೋಶ ಸೇರಿತು. ಆದರೆ ಯೋಜನೆಯಡಿ ಇದ್ದ ಸೇವೆಗಳು ಆರು: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಪೌಷ್ಟಿಕತೆಯ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ತಕ್ಕಡಿಯಲ್ಲಿ ತೂಗಬಹುದಾದ್ದು, ರಿಜಿಸ್ಟರಿನಲ್ಲಿ ತುಂಬಬಹುದಾದ್ದು ಮೇಲೆ ಬಂತು. ಹಾಡು, ಕಥೆ, ಆಟ ಹಿಂದೆ ಸರಿದವು. ಮಗುವಿನ ತೂಕವನ್ನು ನಕ್ಷೆಯಲ್ಲಿ ಗುರುತಿಸಬಹುದು. ಅದು ಇಂದು ಮೊದಲ ಬಾರಿ ಇನ್ನೊಂದು ಮಗುವಿಗೆ ಆಟಿಕೆ ಬಿಟ್ಟುಕೊಟ್ಟಿತು ಎಂಬುದಕ್ಕೆ ಯಾವ ಕಾಲಂ ಇದೆ?

ಪುಟ್ಟ ಮಕ್ಕಳ ಬಗ್ಗೆ ಸಂಶೋಧನೆ ನಿಧಾನವಾಗಿ ಮಾತಾಡುತ್ತದೆ. ಸುದ್ದಿಗೆ ಮಾತ್ರ ಆತುರ. ಅಮೆರಿಕದಲ್ಲಿ 1965ರಲ್ಲಿ ಬಡ ಮಕ್ಕಳಿಗಾಗಿ ‘ಹೆಡ್ ಸ್ಟಾರ್ಟ್’ ಯೋಜನೆ ಬಂತು. 1969ರ ಒಂದು ವರದಿ, ಮಕ್ಕಳು ಗಳಿಸಿದ ಮುನ್ನಡೆ ಶಾಲೆಗೆ ಹೋದ ಕೆಲವೇ ವರ್ಷಗಳಲ್ಲಿ ಕರಗುತ್ತದೆ ಎಂದಿತು. ಇಂತಹ ಶಾಲೆಗೆ ದುಡ್ಡು ಸುರಿಯುವುದು ವ್ಯರ್ಥ ಎಂಬ ಮಾತು ಹಬ್ಬಿತು. ಆದರೆ ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿ ಪಟ್ಟಣದ ಪೆರಿ ಶಾಲೆಯಲ್ಲಿ 1962ರಿಂದಲೇ ಇನ್ನೊಂದು ಅಧ್ಯಯನ ನಡೆದಿತ್ತು. ಬಡ ಕರಿಯ ಕುಟುಂಬಗಳ 123 ಮಕ್ಕಳಲ್ಲಿ 58 ಮಂದಿಯನ್ನು ಶಿಶುಶಾಲೆಗೆ ಸೇರಿಸಿ, ಉಳಿದ 65 ಮಂದಿಯೊಡನೆ ಹೋಲಿಸಿದರು. ಶಿಕ್ಷಕಿಯರು ವಾರಕ್ಕೊಮ್ಮೆ ಮನೆಗೂ ಹೋಗುತ್ತಿದ್ದರು. ಇಲ್ಲಿಯೂ ಬುದ್ಧಿಮತ್ತೆ ಪರೀಕ್ಷೆಯ ಅಂಕದ ಲಾಭ ಬೇಗನೆ ಅಳಿಯಿತು. ಆದರೆ ನಲವತ್ತು ವಯಸ್ಸಿನವರೆಗೆ ಅವರನ್ನು ಹಿಂಬಾಲಿಸಿದಾಗ, ಶಿಶುಶಾಲೆಗೆ ಹೋದವರಲ್ಲಿ ಪ್ರೌಢಶಾಲೆ ಮುಗಿಸಿದವರು ಹೆಚ್ಚು, ಸಂಪಾದನೆ ಹೆಚ್ಚು, ಪೊಲೀಸರ ಕೈಗೆ ಸಿಕ್ಕವರು ಕಡಿಮೆ ಎಂದು ಕಂಡಿತು. 123 ಮಕ್ಕಳ ಲೆಕ್ಕವನ್ನು ಇಡೀ ಲೋಕಕ್ಕೆ ಅನ್ವಯಿಸುವುದು ಸರಿಯಲ್ಲ, ನಿಜ. ಆದರೂ 1969ರಲ್ಲೇ ಸುದ್ದಿ ಮುಗಿಯಿತು ಎಂದು ಬಾಗಿಲು ಮುಚ್ಚಿದ್ದರೆ ಇದು ತಿಳಿಯುತ್ತಿರಲಿಲ್ಲ.

ಸುದ್ದಿ ಸಂಶೋಧನೆಯನ್ನು ಬಿಟ್ಟು ಓಡಿದ ಉದಾಹರಣೆಯೂ ಇದೆ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟದ ಲೇಖನ ಬಂತು. ಮೊಜಾರ್ಟ್‌ನ ಸಂಗೀತ ಹತ್ತು ನಿಮಿಷ ಕೇಳಿದ 36 ಕಾಲೇಜು ವಿದ್ಯಾರ್ಥಿಗಳು ಆಕಾರಗಳ ಒಂದು ಬಗೆಯ ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಅಂಕ ಪಡೆದರು, ಪರಿಣಾಮ ಹತ್ತು ಹದಿನೈದು ನಿಮಿಷದಲ್ಲಿ ಇಳಿಯಿತು ಎಂಬುದಷ್ಟೇ ಅದರ ಸಾರ. ಅದರಲ್ಲಿ ಒಂದೇ ಒಂದು ಕೂಸೂ ಇರಲಿಲ್ಲ. ಪತ್ರಿಕೆಯಿಂದ ಪತ್ರಿಕೆಗೆ ದಾಟುವಷ್ಟರಲ್ಲಿ ಅದು ‘ಮೊಜಾರ್ಟ್ ಕೇಳಿದರೆ ಮಗು ಜಾಣವಾಗುತ್ತದೆ’ ಎಂದಾಯಿತು. 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್ ಹುಟ್ಟಿದ ಪ್ರತಿ ಮಗುವಿಗೂ ಸಂಗೀತದ ಧ್ವನಿಮುದ್ರಿಕೆ ಕೊಡಲು ಸರ್ಕಾರದ ಹಣ ಕೇಳಿದರು. ಲಾಲಿ ಹಾಡುವ ನಮ್ಮ ಅಜ್ಜಿಯರಿಗೆ ಇದು ತಮಾಷೆಯಾಗಿ ಕಂಡೀತು.

ನಮ್ಮಲ್ಲೂ ಒಂದು ಅಂಕಿ ಈಗ ಬಹಳ ಓಡಾಡುತ್ತಿದೆ. ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ಶೇ. 85ಕ್ಕಿಂತ ಹೆಚ್ಚು ಆರು ವರ್ಷದೊಳಗೆ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಖಾಸಗಿ ನರ್ಸರಿಗಳ ಕರಪತ್ರಗಳಿಗೆ ಇದು ಹಬ್ಬದೂಟ. ಆರು ವರ್ಷದ ಹೊತ್ತಿಗೆ ಮಿದುಳಿನ ಗಾತ್ರ ವಯಸ್ಕರ ಗಾತ್ರದ ಸುಮಾರು ಶೇ. 90ರಷ್ಟಾಗುವುದು ನಿಜ. ಆದರೆ ಗಾತ್ರವೇ ಬೆಳವಣಿಗೆಯಲ್ಲ. ಮಿದುಳಿನ ಒಳಗಿನ ಜೋಡಣೆ ಇಪ್ಪತ್ತು ದಾಟಿದ ಮೇಲೂ ಬದಲಾಗುತ್ತಲೇ ಇರುತ್ತದೆ. ಎಳೆಯ ವಯಸ್ಸು ಅಮೂಲ್ಯ ಎಂಬುದಕ್ಕೆ ಬೇರೆ ಆಧಾರಗಳು ಬೇಕಾದಷ್ಟಿವೆ. ಆದರೆ ಈ ಅಂಕಿಯನ್ನು ಹಿಡಿದು ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ತುರುಕುವುದಕ್ಕೆ ಯಾವ ಸಂಶೋಧನೆಯೂ ಸಾಕ್ಷಿ ನಿಲ್ಲುವುದಿಲ್ಲ.

ಇಂದು ಅಂಗನವಾಡಿ ಕಾರ್ಯಕರ್ತೆಗೆ ಮಾಹಿತಿಯ ಕೊರತೆಯಿಲ್ಲ. ಆಕೆಯ ಮೊಬೈಲಿಗೆ ಸುತ್ತೋಲೆಯ ಮೇಲೆ ಸುತ್ತೋಲೆ ಬರುತ್ತದೆ. 2021ರಿಂದ ಪೋಷಣ್ ಟ್ರ್ಯಾಕರ್‌ನಲ್ಲಿ ಮಕ್ಕಳ ವಿವರ ತುಂಬಬೇಕು. ಕರ್ನಾಟಕದಲ್ಲಿ ‘ಚಿಲಿಪಿಲಿ’ ಎಂಬ ಚಟುವಟಿಕೆ ಪುಸ್ತಕವೂ ಇದೆ. ಇಲ್ಲದ್ದು ‘ಶಿಕ್ಷಣ ಪತ್ರಿಕಾ’ದಂತಹ ಜಾಗ. ಹೊಸದೊಂದು ಕೇಳಿದಾಗ ಇದು ನಮ್ಮ ಕೇರಿಗೆ ಹೊಂದುತ್ತದೆಯೇ, ನಾನು ಮಾಡಿ ನೋಡಿದಾಗ ಹೀಗಾಯಿತು ಎಂದು ಆಕೆಯೂ ಬರೆಯಬಲ್ಲ, ಇನ್ನೊಂದು ತಾಲ್ಲೂಕಿನ ಟೀಚರ್ ಓದಬಲ್ಲ ಜಾಗ ಅದು. ಸುತ್ತೋಲೆಯಲ್ಲಿ ಮಾತು ಮೇಲಿನಿಂದ ಕೆಳಗೆ ಮಾತ್ರ ಬರುತ್ತದೆ.

2024ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ತೀರ್ಮಾನದ ವಿರುದ್ಧ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕುಳಿತರು. ಮೂರು ವರ್ಷ ತುಂಬಿದ ಮಕ್ಕಳೆಲ್ಲ ಶಾಲೆಗೆ ಹೋದರೆ ತಮ್ಮ ಕೇಂದ್ರಗಳಲ್ಲಿ ಉಳಿಯುವುದೇನು ಎಂಬುದು ಅವರ ಪ್ರಶ್ನೆಯಾಗಿತ್ತು. ಅದೇ ವರ್ಷ ನಗರದ ಕೆಲವು ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸೊರಿ’ ಎಂಬ ಹೆಸರು ಬಂತು. ಸಾನ್ ಲೊರೆಂಜೊದಿಂದ ಭಾವನಗರ, ಬೋರ್ಡಿ ಸುತ್ತಿ ಅಂಗಳಕ್ಕೆ ಬಂದ ಮಾತು, ಅಂಗಳದ ಹೆಸರು ಸಾಲದೆಂದು ಮತ್ತೆ ಹಳೆಯ ಹೆಸರನ್ನೇ ತೊಟ್ಟುಕೊಂಡಿದೆ. ಅಂಗನವಾಡಿಗಳಲ್ಲಿ ತಿಂಗಳಿಗೊಮ್ಮೆ ಹೆತ್ತವರನ್ನು ಕರೆದು ಮಕ್ಕಳ ಕಲಿಕೆಯ ಬಗ್ಗೆ ಮಾತಾಡುವ ದಿನವೊಂದಿದೆ. ಎಬಿಸಿಡಿ ಯಾವಾಗ ಹೇಳಿಕೊಡುತ್ತೀರಿ ಎಂದು ತಾಯಂದಿರು ಕೇಳುವುದು ಅಲ್ಲಿ. ಹುಣಸೆಬೀಜ ಜೋಡಿಸುತ್ತಾ ಕುಳಿತ ಮಗುವನ್ನು ತೋರಿಸಿ, ಅದು ಈಗ ಮಾಡುತ್ತಿರುವುದು ಏನು ಎಂದು ಟೀಚರ್ ಅವರಿಗೆ ಬಿಡಿಸಿ ಹೇಳಬೇಕಾದದ್ದೂ ಅಲ್ಲೇ.