ಚೆಂಡು ಮುಟ್ಟಬಹುದು, ಲೋಟ ಮುಟ್ಟಬಾರದು

ಭಾನುವಾರ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಕಡೆ ಹೋದ್ರೂ ಖಾಲಿ ಬಯಲಲ್ಲಿ ಹುಡುಗರು ಟೆನಿಸ್ ಬಾಲ್ ಕ್ರಿಕೆಟ್ ಆಡ್ತಿರ್ತಾರೆ. ಈ ಆಟಕ್ಕೆ ಜಾತಿ ಇಲ್ಲ ಅಂತೀವಿ. ನಿಜಾನಾ? ಪಲ್ವಾಂಕರ್ ಬಾಲೂ ಕಥೆ ಕೇಳಿ, ಆಮೇಲೆ ಹೇಳಿ.

ಬ್ರಿಟಿಷರು ಹೋದಲ್ಲೆಲ್ಲ ತಮಗೊಂದು ಕ್ಲಬ್ ಕಟ್ಟಿಕೊಂಡರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ನಮ್ಮ ಕೆಜಿಎಫ್‌ನಲ್ಲೂ ಅದೇ ಆಯ್ತು. ಗಣಿಯ ಆಳಕ್ಕೆ ಇಳಿದವರಲ್ಲಿ ಬಹುಪಾಲು ದಲಿತರು. ಮೇಲಿನ ಬಂಗಲೆ, ಕ್ಲಬ್ಬು ಬಿಳಿಯರದು. ಪುಣೆಯ ಕ್ಲಬ್ಬೂ ಅಂಥದ್ದೇ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ, ಚಮ್ಮಾರ ಸಮುದಾಯದ ಬಾಲೂ ಅಲ್ಲಿ ಪಿಚ್ ನೋಡಿಕೊಳ್ಳುವ ಆಳು. ಸಾಹೇಬರಿಗೆ ನೆಟ್ಸ್‌ನಲ್ಲಿ ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕಬೇಕು. ಬ್ಯಾಟ್ ಮಾತ್ರ ಅವರ ಕೈಗೆ ಕೊಡಲಿಲ್ಲ.

ಆಗ ತಂಡಗಳೇ ಜನಾಂಗ, ಧರ್ಮದ ಲೆಕ್ಕದಲ್ಲಿ ಇದ್ದವು: ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು. ಬಿಳಿಯರನ್ನು ಸೋಲಿಸೋಕೆ ಹಿಂದೂಗಳಿಗೆ ಬಾಲೂ ಬೇಕಾದರು. ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು. ಚಹಾ ವಿರಾಮಕ್ಕೆ? ಬಾಲೂಗೆ ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಚಹಾ!

1911ರ ಇಂಗ್ಲೆಂಡ್ ಪ್ರವಾಸದಲ್ಲಿ ಬಾಲೂ ಕಿತ್ತಿದ್ದು 114 ವಿಕೆಟ್. ಆ ತಂಡದ ನಾಯಕ ಯಾರು ಗೊತ್ತಾ? ಪಟಿಯಾಲದ ಮಹಾರಾಜ. ಹಿಂದೂ ತಂಡದ ನಾಯಕತ್ವವೂ ಬಾಲೂಗೆ ಒಲಿಯಲಿಲ್ಲ. 1920ರಲ್ಲಿ ಅವರನ್ನು ಕೈಬಿಟ್ಟರು. ನಾಯಕನಾಗಬೇಕಿದ್ದ ತಮ್ಮ ವಿಠ್ಠಲ್‌ರನ್ನೂ ಬದಿಗೆ ಸರಿಸಿದರು. ವಿಠ್ಠಲ್ ಮತ್ತು ಇನ್ನೊಬ್ಬ ತಮ್ಮ ಶಿವರಾಮ್ 'ನಾವೂ ಆಡಲ್ಲ' ಅಂತ ಎದ್ದು ಹೊರಟರು. ಗದ್ದಲ ಎದ್ದ ಮೇಲೆ ಬಾಲೂ ಉಪನಾಯಕರಾಗಿ ವಾಪಸ್ ಬಂದರು. 1923ರಲ್ಲಿ ವಿಠ್ಠಲ್ ನಾಯಕರಾದರು. ತಂಡ ಗೆದ್ದಿತು.

ಇಲ್ಲಿ ಗಮನಿಸಬೇಕಾದ್ದು ಒಂದೇ. ಆ ಬಾಗಿಲು ತೆರೆದದ್ದು ವಿಕೆಟ್‌ಗಳಿಂದಲ್ಲ, ವಿಕೆಟ್ ಇಷ್ಟೊತ್ತಿಗೆ ರಾಶಿ ಬಿದ್ದಿದ್ದವು. ತೆರೆದದ್ದು 'ಆಡಲ್ಲ' ಅನ್ನುವ ಒಂದು ಮಾತಿಂದ. ಕೈ ಬೇಕು, ಆ ಕೈಯ ಮನುಷ್ಯ ಬೇಡ ಅನ್ನೋ ವ್ಯವಹಾರ ಪ್ರತಿಭೆಗೆ ಕರಗಲ್ಲ.

ಬಿಳಿಯರು ಹೋಗಿ ಎಪ್ಪತ್ತೈದು ವರ್ಷವಾದ ಮೇಲೆ, 2022ರಲ್ಲಿ, ಮಾಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದಲಿತ ಹುಡುಗನೊಬ್ಬ ದೇವರ ಉತ್ಸವದ ಕೋಲು ಮುಟ್ಟಿದ. ಮನೆಯವರಿಗೆ ಹಾಕಿದ ದಂಡ 60 ಸಾವಿರ ರೂಪಾಯಿ. ಅದೇ ಹುಡುಗ ಒಂದು ಯಾರ್ಕರ್ ಹಾಕಿ ಊರಿನ ತಂಡ ಗೆಲ್ಲಿಸಿದ್ದರೆ ಹೆಗಲ ಮೇಲೆ ಹೊರುತ್ತಿದ್ದೆವು, ಅಲ್ವಾ? ಹೊತ್ತು, ಊರ ಬಾಗಿಲ ತನಕ ತಂದು, ಇಳಿಸಿಬಿಡುತ್ತಿದ್ದೆವಾ? ಈ ಭಾನುವಾರ ನಿಮ್ಮೂರಿನ ತಂಡದಲ್ಲಿ ನೋಡಿ: ಬೌಲಿಂಗ್ ಯಾರದು, ನಾಯಕ ಯಾರು, ಮ್ಯಾಚ್ ಮುಗಿದ ಮೇಲೆ ಯಾರು ಯಾರ ಮನೆಯೊಳಗೆ ನೀರು ಕುಡೀತಾರೆ.