ಮಾವಿನ ಹಣ್ಣಿನ ಪಾಲು

ಮನೆಯ ಮಾತು ಮನೆಯಲ್ಲೇ ಇರಲಿ ಎಂಬ ಎಚ್ಚರಿಕೆಯನ್ನು ಕೇಳುತ್ತಲೇ ನಾವೆಲ್ಲ ಬೆಳೆದವರು. ಕನ್ನಡದ ಮನೆಯಲ್ಲೂ ಅದೇ ಮಾತು, ಉರ್ದುವಿನ ಮನೆಯಲ್ಲೂ ಅದೇ ಮಾತು. ದೊಡ್ಡವರಿಗೆ ಅದು ಮರ್ಯಾದೆಯ ಪ್ರಶ್ನೆ. ಆದರೆ ಅಪ್ಪ ಕುಡಿದು ಬಂದ ರಾತ್ರಿ, ಅವ್ವ ಅಳುತ್ತಾ ತವರಿಗೆ ಹೋದ ಮುಂಜಾನೆ, ಅಕ್ಕನನ್ನು ಶಾಲೆ ಬಿಡಿಸಿದ ದಿನ ಎಂಟು ವರ್ಷದ ಮಗು ಯಾರ ಬಳಿ ಮಾತಾಡಬೇಕು? ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಒಂದು ಇತಿಹಾಸವಿದೆ. ಅದನ್ನು ನಾವು ಸರಿಯಾಗಿ ನೋಡಿಲ್ಲ.

ಈ ಇತಿಹಾಸ ಪುಸ್ತಕದಿಂದಲ್ಲ, ಬೀಸುಕಲ್ಲಿನಿಂದ ಶುರುವಾಗುತ್ತದೆ. ಆಗ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಇವರೊಡನೆ ಆ ಬಳಗದಲ್ಲಿ ಪಿ. ಧೂಲಾಸಾಹೇಬರೂ ಇದ್ದರೆಂಬುದನ್ನು ನಾವು ಮರೆಯಬಾರದು. ಅತ್ತೆಯ ಕಾಟ, ಗಂಡನ ಸಿಟ್ಟು, ತವರಿನ ಹಂಬಲ, ಬಂಜೆ ಎನಿಸಿಕೊಂಡವಳ ಸಂಕಟ, ಇವೆಲ್ಲವನ್ನೂ ನಮ್ಮ ಹೆಣ್ಣುಮಕ್ಕಳು ಜೋಳದ ಹಿಟ್ಟಿನ ಜೊತೆಗೇ ಬೀಸಿ ಹೊರಗೆ ಹಾಕುತ್ತಿದ್ದರು. ಬಾಯಿಬಿಟ್ಟು ಹೇಳಲಾಗದ ದೂರು ಹಾಡಾದಾಗ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಮಗುವೂ ಅದನ್ನು ಕೇಳುತ್ತಿತ್ತು.

ಮೊಹರಮ್ಮಿನ ರಿವಾಯತ ಪದಗಳೂ ಇಂಥ ಕೆಲಸವನ್ನೇ ಮಾಡಿದವು. ಅಲಾಯಿ ಕುಣಿಯ ಸುತ್ತ ನಿಂತ ಎಲ್ಲ ಜಾತಿಯ ಮಕ್ಕಳು ಕರ್ಬಲಾದಲ್ಲಿ ನೀರಿಲ್ಲದೆ ಬಳಲಿದ ಒಂದು ಕುಟುಂಬದ ದುಃಖವನ್ನು ಕನ್ನಡದಲ್ಲೇ ಕೇಳಿದರು. ದುಃಖ ಬಂದ ಮನೆ ನಾಚಬೇಕಾಗಿಲ್ಲ ಎಂಬ ಪಾಠ ಅದರಲ್ಲಿತ್ತು.

ಮಕ್ಕಳಿಗೆಂದೇ ಅಚ್ಚಾದ ಚಿತ್ರಕಥೆಗಳು ಬಂದಾಗ ಈ ಮನೆ ಮಾಯವಾಯಿತು. 1949ರಲ್ಲಿ ಕನ್ನಡ 'ಚಂದಮಾಮ' ಬಂತು. 'ಅಮರ ಚಿತ್ರ ಕಥೆ' ಮಾಲೆ 1965ರಲ್ಲಿ ಮೊದಲು ಬಂದದ್ದೇ ಕನ್ನಡದಲ್ಲಿ, ಬೆಂಗಳೂರಿನಿಂದ. ನಮ್ಮ ಉರ್ದು ಓದಿದ ಹಿರಿಯರಿಗೆ ದಿಲ್ಲಿಯ 'ಶಮಾ' ಬಳಗದ 'ಖಿಲೌನಾ' ಇತ್ತು. ಇವುಗಳ ಋಣ ದೊಡ್ಡದು, ಓದಿನ ರುಚಿ ಹತ್ತಿಸಿದವೇ ಇವು. ಆದರೆ ಅವುಗಳ ಪುಟಗಳಲ್ಲಿ ಹೆಚ್ಚಾಗಿ ಇದ್ದವರು ರಾಜರು, ರಾಕ್ಷಸರು, ವೀರರು, ಜಾಣ ಮಂತ್ರಿಗಳು. ಕೆಟ್ಟ ಮಲತಾಯಿ ಸಿಗುತ್ತಿದ್ದಳು, ಸಾಲ ಮಾಡಿದ ಅಪ್ಪ ಸಿಗುತ್ತಿರಲಿಲ್ಲ.

ಆ ಕೊರತೆ ತುಂಬಲು ಬಂದವಳು ಮೀನಾ. ಸಾರ್ಕ್ ದೇಶಗಳು 1991ರಿಂದ 2000ದವರೆಗಿನ ಹತ್ತು ವರ್ಷಗಳನ್ನು ಹೆಣ್ಣುಮಗುವಿನ ದಶಕವೆಂದು ಘೋಷಿಸಿದ್ದವು. ಆಗ ಯುನಿಸೆಫ್ ಒಬ್ಬ ಹಳ್ಳಿ ಹುಡುಗಿಯ ಪಾತ್ರವನ್ನು ರೂಪಿಸಿತು. ಅವಳ ಚಿತ್ರ ಬಿಡಿಸಿದವರು ಮುಂಬಯಿಯ ಹಿರಿಯ ವ್ಯಂಗ್ಯಚಲನಚಿತ್ರಕಾರ ರಾಮ್ ಮೋಹನ್. 1993ರಲ್ಲಿ ಮೊದಲ ಚಿತ್ರ ಬಂತು, ಜೊತೆಗೆ ಚಿತ್ರಪುಸ್ತಕಗಳೂ ಬಂದವು. ಹಿಂದೂ ಮನೆಗೂ ಮುಸ್ಲಿಂ ಮನೆಗೂ ಒಪ್ಪುವ ಹೆಸರೆಂದೇ 'ಮೀನಾ' ಎಂದು ಇಟ್ಟರು. ಅವಳಿಗೊಬ್ಬ ತಮ್ಮ ರಾಜು, ಒಂದು ಗಿಳಿ ಮಿಠ್ಠು.

ಒಂದು ಕಥೆಯಲ್ಲಿ ಮೀನಾಳಿಗೆ ಶಾಲೆಗೆ ಹೋಗಲು ಅಪ್ಪಣೆಯಿಲ್ಲ. ಗಿಳಿಯೇ ಶಾಲೆಗೆ ಹೋಗಿ ಎಣಿಕೆ ಕಲಿತು ಬಂದು ಅವಳಿಗೆ ಕಲಿಸುತ್ತದೆ. ಕೋಳಿ ಎಣಿಸಿದ ಹುಡುಗಿಗೆ ಒಂದು ಕಡಿಮೆಯಾದದ್ದು ತಿಳಿಯುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ, ಅಪ್ಪನ ಕಣ್ಣು ತೆರೆಯುತ್ತದೆ. ಇನ್ನೊಂದರಲ್ಲಿ ಮಾವಿನ ಹಣ್ಣಿನ ದೊಡ್ಡ ಪಾಲು ತಮ್ಮನಿಗೆ. ಅಕ್ಕ ತಮ್ಮ ಇಬ್ಬರೂ ಒಂದು ದಿನದ ಮಟ್ಟಿಗೆ ಕೆಲಸ ಅದಲುಬದಲು ಮಾಡಿಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಸುಸ್ತಾಗಿ ಬಿದ್ದ ರಾಜುವಿಗೆ ಅಕ್ಕನ ಹಸಿವು ಏನೆಂದು ಗೊತ್ತಾಗುತ್ತದೆ. ಇಲ್ಲಿ ಯಾರೂ ರಾಕ್ಷಸರಲ್ಲ. ತಾಯಿ ಕೆಟ್ಟವಳಲ್ಲ, ಅಜ್ಜಿ ಕೆಟ್ಟವಳಲ್ಲ, ರೂಢಿ ಮಾತ್ರ ಕೆಟ್ಟದ್ದು. ಮಗು ತನ್ನ ಮನೆಯನ್ನು ದ್ವೇಷಿಸದೆಯೇ ಮನೆಯ ತಪ್ಪನ್ನು ಗುರುತಿಸಬಹುದು. ಈ ಕಥೆಗಳ ಶಕ್ತಿ ಇರುವುದು ಇಲ್ಲಿಯೇ.

ನಮ್ಮ ಜಿಲ್ಲೆಯ ನೆಲ ಇದಕ್ಕೆ ಮೊದಲೇ ಹದಗೊಂಡಿತ್ತು. ಮಹಿಳಾ ಸಮಖ್ಯಾ 1989ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಮೂರು ಜಿಲ್ಲೆಗಳಲ್ಲಿ ಬಿಜಾಪುರವೂ ಒಂದು. ಮುಂದೆ ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ರಾಜ್ಯದ ಶಾಲೆಗಳಲ್ಲಿ 'ಮೀನಾ ತಂಡ'ಗಳು ಹುಟ್ಟಿದವು. ಕಥೆಯ ಹುಡುಗಿಯ ಹೆಸರು ಹೊತ್ತ ನಿಜವಾದ ಹುಡುಗಿಯರು ಶಾಲೆ ಬಿಟ್ಟ ಗೆಳತಿಯರ ಮನೆಬಾಗಿಲಿಗೆ ಹೋಗತೊಡಗಿದರು. ಮನೆಯ ಮಾತನ್ನು ಮಕ್ಕಳೇ ಹೊಸ್ತಿಲು ದಾಟಿಸಿದ ಹೊತ್ತು ಅದು.

ಇದು ಈ ನೆಲಕ್ಕೆ ಹೊಸದೂ ಅಲ್ಲ. ಬಸವನ ಬಾಗೇವಾಡಿಯ ಬಾಲಕನ ಕಥೆ ಎಲ್ಲರಿಗೂ ಗೊತ್ತು. ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೇಕೆ ಎಂದು ಕೇಳಿ ಬಸವಣ್ಣ ಮನೆ ಬಿಟ್ಟರೆಂಬುದು ಜನ ನಂಬಿಕೊಂಡು ಬಂದ ಪ್ರತೀತಿ. ನಮ್ಮ ಕಡೆಯ ಹದೀಸಿನಲ್ಲೂ ಇಂಥದೇ ಒಂದು ಪ್ರಸಂಗವಿದೆ. ನುಅಮಾನ್ ಬಿನ್ ಬಶೀರರ ತಂದೆ ಮಗನಿಗೊಂದು ಉಡುಗೊರೆ ಕೊಟ್ಟು ಪ್ರವಾದಿಯವರನ್ನು ಸಾಕ್ಷಿಗೆ ಕರೆದಾಗ, ಉಳಿದ ಮಕ್ಕಳಿಗೂ ಹೀಗೆಯೇ ಕೊಟ್ಟಿರುವೆಯಾ ಎಂದು ಅವರು ಕೇಳಿದರು. ಇಲ್ಲವೆಂದಾಗ ಸಾಕ್ಷಿಯಾಗಲು ಒಪ್ಪಲಿಲ್ಲ, ಮಕ್ಕಳ ನಡುವೆ ನ್ಯಾಯದಿಂದಿರಲು ಹೇಳಿದರು. ಮಾವಿನ ಹಣ್ಣನ್ನು ಸಮನಾಗಿ ಹಂಚುವುದು ಹೊರಗಿನವರು ಕಲಿಸಿದ ಪಾಠ ಎನ್ನುವವರು ಇದನ್ನು ನೆನೆಯಬೇಕು.

ಆದರೂ ಮೀನಾಳಿಗೆ ಒಂದು ಮಿತಿಯಿದೆ. ಅವಳ ಮನೆಯ ತೊಂದರೆ ಹತ್ತು ಹದಿನೈದು ನಿಮಿಷಗಳಲ್ಲಿ ಬಗೆಹರಿಯುತ್ತದೆ, ಅಪ್ಪ ಕೊನೆಗೆ ಒಪ್ಪಿಯೇ ಒಪ್ಪುತ್ತಾನೆ. ನಮ್ಮ ಮನೆಗಳು ಹಾಗಿಲ್ಲ. ಮಳೆ ಕೈಕೊಟ್ಟ ವರ್ಷ ಇಂಡಿ, ಸಿಂದಗಿಯ ಹಳ್ಳಿಗಳಿಂದ ಜನ ಗೋವಾಕ್ಕೆ, ಮುಂಬಯಿಗೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಗುಳೆ ಹೋಗುತ್ತಾರೆ. ಅಜ್ಜಿಯ ಬಳಿ ಉಳಿದ ಮಗುವಿಗೆ ತಾಯಿ ಎಂದರೆ ಮೊಬೈಲಿನಲ್ಲಿ ಬರುವ ಒಂದು ದನಿ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟರು, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ಈ ನಲವತ್ತೆರಡು ವರ್ಷಗಳ ನಡುವೆ ಕೃಷ್ಣೆಯ ದಂಡೆಯಲ್ಲಿ ಊರು ಕಳೆದುಕೊಂಡ ಮನೆಗಳಲ್ಲಿ ಒಂದು ತಲೆಮಾರು ಬೆಳೆದು ನಿಂತಿತು. ಪರಿಹಾರದ ಹಣಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ಕಂಡ ಮಕ್ಕಳು ಅವರು. ಅವರ ಚಿತ್ರಕಥೆ ಎಲ್ಲಿದೆ?

ಬರೆಯುವ ನಾವು ಇಲ್ಲಿ ತಪ್ಪಿತಸ್ಥರು. ದೊಡ್ಡವರಿಗಾಗಿ ತಲಾಖಿನ ಕಥೆ ಬರೆದೆವು, ಬುರ್ಖಾದ ಕಥೆ ಬರೆದೆವು, ವರದಕ್ಷಿಣೆಯ ಕಥೆ ಬರೆದೆವು, ಪ್ರಶಸ್ತಿಗಳನ್ನೂ ಪಡೆದೆವು. ಆ ಕಥೆಗಳ ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಮಗುವಿಗಾಗಿ ಬರೆಯಲಿಲ್ಲ. ಕಾಗದವಿದೆ, ಚಿತ್ರ ಬರೆಯುವ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲೇ ಇದ್ದಾರೆ, ಜೋಳದ ರೊಟ್ಟಿಯಂಥ ಗಟ್ಟಿ ಭಾಷೆಯೂ ಇದೆ. ಧೂಲಾಸಾಹೇಬರೂ ಅವರ ಗೆಳೆಯರೂ ಬೀಸುಕಲ್ಲಿನ ಬಳಿ ಕಿವಿಗೊಟ್ಟು ಕೂತು ಕೇಳಿದರು. ನಾವು ಮಕ್ಕಳ ಬಳಿ ಹಾಗೆ ಕೂರಬೇಕಾಗಿದೆ. ಬೀಸುಕಲ್ಲು ನಿಂತು ಬಹಳ ಕಾಲವಾಯಿತು, ಹಾಡಿ ಹಗುರಾಗುವ ದಾರಿಯೂ ಅದರೊಂದಿಗೆ ಮುಚ್ಚಿತು. ಮನೆಯ ಸಂಕಟ ಮಾತ್ರ ಹಾಗೆಯೇ ಉಳಿದಿದೆ, ಮಗು ಅದನ್ನು ಒಬ್ಬಂಟಿಯಾಗಿ ಹೊತ್ತುಕೊಂಡು ಶಾಲೆಗೆ ಹೋಗುತ್ತಿದೆ.